ನಾಲ್ಕೂವರೆಯ ಧಾರಾವಾಹಿ

1994ರ ಹೊತ್ತಿಗೆ ಶಿವಮೊಗ್ಗದ ರಾಗಿಗುಡ್ಡದ ಬುಡದ ನಮ್ಮ ಸಾಲಿನಲ್ಲಿ ಟಿವಿ ಇದ್ದದ್ದು ಕೆಲವೇ ಮನೆಗಳಲ್ಲಿ. ಮಧ್ಯಾಹ್ನ ಊಟದ ಪಾತ್ರೆ ತೊಳೆದು ಕವುಚಿಟ್ಟ ಮೇಲೆ ಹೆಂಗಸರು ಆ ಮನೆಗಳತ್ತ ಹೊರಡುತ್ತಿದ್ದರು. ದೂರದರ್ಶನದಲ್ಲಿ ಆ ವರ್ಷ 'ಶಾಂತಿ' ಶುರುವಾಗಿತ್ತು. ಅಮ್ಮನಿಗೆ ಆದ ಅನ್ಯಾಯದ ಬೆನ್ನು ಹತ್ತಿ ಹೋಗುವ ಪತ್ರಕರ್ತೆಯ ಕಥೆ. ಭಾಷೆ ಹಿಂದಿ. ಉರ್ದು ಮಾತಾಡುವ ಮನೆಗಳವರಿಗೆ ಅದು ಸಲೀಸಾಗಿ ತಿಳಿಯುತ್ತಿತ್ತು. ಕನ್ನಡದವರಿಗೂ ತಮಿಳಿನವರಿಗೂ ಅವರೇ ಬಿಡಿಸಿ ಹೇಳುತ್ತಿದ್ದರು. ಪಕ್ಕದ ಮನೆಯ ಖಾಲಾ ಒಂದು ಕಣ್ಣು ಟಿವಿ ಮೇಲೆ, ಒಂದು ಕಣ್ಣು ನಮ್ಮ ಮೇಲೆ ಇಟ್ಟು ಪ್ರತಿ ಮಾತನ್ನೂ ಕನ್ನಡಕ್ಕೆ ತರುತ್ತಿದ್ದರು. ನಾಲ್ಕು ವರ್ಷದ ನಂತರ 'ಮಾಯಾಮೃಗ' ಬಂದಾಗ ಕೆಲಸ ಅದಲುಬದಲಾಯಿತು. ಖಾಲಾ ಕೇಳುವವರು, ನಮ್ಮಮ್ಮ ಹೇಳುವವಳು.

ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ನಿರ್ದೇಶಿಸಿದ ಆ ಧಾರಾವಾಹಿ ದೂರದರ್ಶನದಲ್ಲಿ ಬರುತ್ತಿದ್ದದ್ದು ನಾಲ್ಕೂವರೆಗೆ. ರಾತ್ರಿಯ ಹೊತ್ತಲ್ಲ, ಭಾನುವಾರದ ಬೆಳಿಗ್ಗೆಯಲ್ಲ. ಇವತ್ತಿನ ಚಾನೆಲ್‌ನವರು ಬೆಲೆಯೇ ಇಲ್ಲದ ಹೊತ್ತೆಂದು ಬದಿಗಿಟ್ಟ ಆ ವೇಳೆಗೆ ಅಂದಿನ ಕನ್ನಡದ ಅತ್ಯುತ್ತಮ ಕೆಲಸ ಬಂತು, ಜನರೂ ಬಂದರು. ಶಾಲೆ ಬಿಟ್ಟು ಬಂದ ನಾವೂ ಬ್ಯಾಗು ಎಸೆದು ಅಲ್ಲೇ ಕೂತುಬಿಡುತ್ತಿದ್ದೆವು. ಮಧ್ಯಾಹ್ನದ ಧಾರಾವಾಹಿಗೆ ಮುಂದೇನು ಗತಿ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಇದೇ.

ಯಾರೂ ಕೈಕಟ್ಟಿ ಕೂತು ನೋಡುತ್ತಿರಲಿಲ್ಲ. ನನ್ನ ಚಿಕ್ಕಮ್ಮ ಟೈಲರಿಂಗ್ ಮಾಡುತ್ತಿದ್ದಳು. ಸೀರೆಗೆ ಫಾಲ್ ಹಾಕುವ ಕೆಲಸವನ್ನೆಲ್ಲ ಸೀರಿಯಲ್ಲಿನ ಹೊತ್ತಿಗೇ ಉಳಿಸಿಕೊಳ್ಳುವಳು, ಕೈಹೊಲಿಗೆಗೆ ಸದ್ದಿಲ್ಲವಲ್ಲ. ಜಾಹೀರಾತು ಬಂದದ್ದೇ ಎದ್ದು ಹೋಗಿ ರವಿಕೆಯ ತೋಳನ್ನು ಮಿಷನ್ನಿಗೆ ಕೊಟ್ಟು ಗಡಗಡ ತುಳಿಯುವಳು. ಕಥೆ ಮತ್ತೆ ಶುರುವಾದ ಕೂಡಲೇ ಚಕ್ರದ ಮೇಲೆ ಅಂಗೈ ಒತ್ತಿ ನಿಲ್ಲಿಸುವಳು. ಒಬ್ಬರು ಹೂ ಕಟ್ಟುವರು, ಒಬ್ಬರು ಅಕ್ಕಿ ಆರಿಸುವರು. ಸೀರಿಯಲ್ಲಿನಲ್ಲಿ ಹೇಳಿದ್ದನ್ನೇ ಯಾಕೆ ಮತ್ತೆ ಮತ್ತೆ ಹೇಳುತ್ತಾರೆ ಎಂದು ಗಂಡಸರು ಹಂಗಿಸುತ್ತಿದ್ದರು. ತಲೆ ಬಗ್ಗಿಸಿ ಕೆಲಸ ಮಾಡುವವಳ ಕಿವಿಗೆ ಕಥೆ ಮುಟ್ಟಬೇಕಾದರೆ ಹಾಗೆ ಹೇಳಲೇಬೇಕು. ಈ ಕಲೆ ಹುಟ್ಟಿದ್ದೇ ರೇಡಿಯೋದಲ್ಲಿ, ಅಮೆರಿಕದ ಸಾಬೂನು ಕಂಪನಿಗಳ ದುಡ್ಡಿನಲ್ಲಿ, ಮನೆಗೆಲಸದ ನಡುವೆ ಕೇಳಲೆಂದು.

ಭದ್ರಾವತಿಯ ಕಾಗದನಗರದಲ್ಲಿದ್ದ ಅತ್ತೆಗೆ ಈ ಭಾಗ್ಯವೂ ಪೂರ್ತಿ ಇರಲಿಲ್ಲ. ಅವಳ ಮಧ್ಯಾಹ್ನ ಕಾರ್ಖಾನೆಯ ಪಾಳಿ ನೋಡಿಕೊಂಡು ನಡೆಯುತ್ತಿತ್ತು. ಮಾವನಿಗೆ ರಾತ್ರಿ ಪಾಳಿ ಇದ್ದ ವಾರ ಅವರು ಹಗಲು ಮಲಗಿರುತ್ತಿದ್ದರು. ಅತ್ತೆ ಟಿವಿಯ ಸದ್ದು ಪೂರ್ತಿ ಇಳಿಸಿ, ಪೆಟ್ಟಿಗೆಗೆ ಕಿವಿ ಹಚ್ಚಿದಂತೆ ಕೂತು ನೋಡುವಳು. ಇನ್ನು ಕರೆಂಟ್ ಹೋದರೆ ಎಲ್ಲರ ಕಥೆಯೂ ಮುಗಿಯಿತು. ಕರೆಂಟಿಗೆ ನೀರು ಕೊಡುವ ಲಿಂಗನಮಕ್ಕಿ ಅಣೆಕಟ್ಟು ನಮ್ಮ ಜಿಲ್ಲೆಯಲ್ಲೇ ಇದ್ದರೂ ಲೋಡ್‌ಶೆಡ್ಡಿಂಗ್ ನಮ್ಮನ್ನು ಬಿಟ್ಟಿರಲಿಲ್ಲ. ಮರುದಿನ ಬೆಳಿಗ್ಗೆ ಬೀದಿ ನಲ್ಲಿಯ ಹತ್ತಿರ "ನಿನ್ನೆ ಏನಾಯ್ತು ಹೇಳೇ ಮಾರಾಯ್ತಿ" ಎಂದು ಕೇಳಿದರೆ, ಕರೆಂಟ್ ಇದ್ದ ಬಡಾವಣೆಯಲ್ಲಿ ನೋಡಿಕೊಂಡು ಬಂದವರು ಯಾರಾದರೂ ಸಿಗುತ್ತಿದ್ದರು.

ಆ ಮಧ್ಯಾಹ್ನಗಳು ಮರಳಿ ಬರಲಿ ಎಂಬ ಆಸೆ ನನಗಿಲ್ಲ. ಅಷ್ಟು ಹೆಂಗಸರು ಆ ಹೊತ್ತಿಗೆ ಮನೆಯಲ್ಲಿ ಸಿಗುತ್ತಿದ್ದದ್ದು ಹೊರಗೆ ದುಡಿಯಲು ಅವರಿಗೆ ದಾರಿ ಇಲ್ಲದ್ದರಿಂದ, ಇದ್ದ ದಾರಿಗೂ ಮನೆಯವರ ಒಪ್ಪಿಗೆ ಇಲ್ಲದ್ದರಿಂದ. ಚಿಕ್ಕಮ್ಮನ ಹೊಲಿಗೆಯ ದುಡ್ಡನ್ನು ಸಂಪಾದನೆ ಎಂದು ಮನೆಯಲ್ಲಿ ಯಾರೂ ಲೆಕ್ಕಕ್ಕೇ ಹಿಡಿಯಲಿಲ್ಲ. ಇವತ್ತು ಅವಳ ಸೊಸೆ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಸಂಬಳ ಅವಳ ಹೆಸರಿನ ಖಾತೆಗೇ ಬೀಳುತ್ತದೆ. 2023ರ ಜೂನ್‌ನಲ್ಲಿ 'ಶಕ್ತಿ' ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡು ಉಳಿದ ಮೇಲಂತೂ ಮನೆಯಲ್ಲೇ ಇರುವವರೂ ಮಧ್ಯಾಹ್ನ ಆಸ್ಪತ್ರೆಗೋ ದೇವಸ್ಥಾನಕ್ಕೋ ತವರಿಗೋ ಹೊರಟುಬಿಡುತ್ತಾರೆ. ಸೊಸೆ ನಿನ್ನೆ ರಾತ್ರಿಯ ಕಂತನ್ನು ಬಸ್ಸಿನಲ್ಲಿ ಮೊಬೈಲಿನಲ್ಲಿ ನೋಡುತ್ತಾಳೆ, ಒಂದೇ ಇಯರ್‌ಫೋನಿನ ಒಂದು ತುದಿ ತನ್ನ ಕಿವಿಗೆ, ಇನ್ನೊಂದು ತುದಿ ಪಕ್ಕದವಳ ಕಿವಿಗೆ.

ಅಮೆರಿಕದಲ್ಲೂ ಆದದ್ದು ಬಹುಮಟ್ಟಿಗೆ ಇದೇ. 1937ರಲ್ಲಿ ರೇಡಿಯೋದಲ್ಲಿ ಶುರುವಾಗಿ ಟಿವಿಗೆ ಬಂದ 'ಗೈಡಿಂಗ್ ಲೈಟ್' 2009ರಲ್ಲಿ ನಿಂತಿತು. 1965ರಿಂದ ಹಗಲು ಹೊತ್ತು ಬರುತ್ತಿದ್ದ 'ಡೇಸ್ ಆಫ್ ಅವರ್ ಲೈವ್ಸ್' 2022ರಲ್ಲಿ ಟಿವಿ ಬಿಟ್ಟು ಪೀಕಾಕ್ ಎಂಬ ಒಟಿಟಿಗೆ ಹೋಯಿತು. ಹೆಂಗಸರು ಕೆಲಸಕ್ಕೆ ಹೊರಟ ಮೇಲೆ ಹಗಲಿನ ಪ್ರೇಕ್ಷಕರು ಕರಗುತ್ತಾ ಬಂದರು.

ಆದರೆ ನಮ್ಮಲ್ಲಿ ಪೂರ್ತಿ ತಪ್ಪನ್ನು ಕಾಲದ ಮೇಲೆ ಹೊರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಖಾಸಗಿ ಚಾನೆಲ್‌ಗಳು ಬೆಳೆದಂತೆ ಒಳ್ಳೆಯ ಕಥೆ, ಒಳ್ಳೆಯ ನಟರು, ದೊಡ್ಡ ಜಾಹೀರಾತು ಎಲ್ಲವೂ ರಾತ್ರಿಯ ಪಾಲಾದವು. ಮಧ್ಯಾಹ್ನಕ್ಕೆ ಹೆಚ್ಚಾಗಿ ದಕ್ಕಿದ್ದು ರಾತ್ರಿಯದರ ಮರುಪ್ರಸಾರ. ಆಮೇಲೆ ಡಬ್ಬಿಂಗ್ ಬಂತು. 2020ರ ಲಾಕ್‌ಡೌನ್‌ನಲ್ಲಿ ಚಿತ್ರೀಕರಣ ನಿಂತಾಗ ಹಿಂದಿಯ 'ಮಹಾಭಾರತ' ಸ್ಟಾರ್ ಸುವರ್ಣದಲ್ಲಿ ಕನ್ನಡದಲ್ಲಿ ಬಂತು. ನಮ್ಮ ಮನೆಯಲ್ಲೂ ಎಲ್ಲರೂ ಇಷ್ಟಪಟ್ಟು ನೋಡಿದರು. ಡಬ್ಬಿಂಗ್ ಬೇಡ ಎನ್ನುವವಳಲ್ಲ ನಾನು. ಆದರೆ ಮಧ್ಯಾಹ್ನದವರಿಗೆ ಎಲ್ಲಿಂದಲೋ ತಂದದ್ದೇ ಸಾಕು ಎಂದುಕೊಳ್ಳುವುದನ್ನು ಒಪ್ಪಲಾರೆ.

ಧಾರಾವಾಹಿಗೆ ಸಾವಿಲ್ಲ. ಚೀನಾದಿಂದ ಶುರುವಾದ, ಒಂದೆರಡು ನಿಮಿಷದ ಕಂತಿನ, ಮೊಬೈಲನ್ನು ನೆಟ್ಟಗೆ ಹಿಡಿದೇ ನೋಡುವ ಕಥೆಗಳು ನಮ್ಮ ದೇಶಕ್ಕೂ ಬಂದಾಗಿದೆ. ಬಸ್ಸಿನಲ್ಲಿ ಹೋಗುವ ಸೊಸೆಗೆ ಅವು ಸಿಗುತ್ತವೆ. ಮನೆಯಲ್ಲಿ ಉಳಿದವರು ಚಿಕ್ಕಮ್ಮನಂಥವರು. ಮಂಡಿ ನೋವು, ಕಣ್ಣಿಗೆ ಪೊರೆ, ಮೊಬೈಲಿನ ಅಕ್ಷರ ಕಾಣುವುದಿಲ್ಲ, ಸೂಜಿಗೆ ದಾರ ಪೋಣಿಸಲೂ ಆಗುವುದಿಲ್ಲ. ಹಾಸಿಗೆ ಹಿಡಿದ ಚಿಕ್ಕಪ್ಪನನ್ನು ನೋಡಿಕೊಳ್ಳುತ್ತಾ ಅವಳು ಇಡೀ ಮಧ್ಯಾಹ್ನ ಟಿವಿ ಹಾಕಿಕೊಂಡಿರುತ್ತಾಳೆ. ಬಹಳ ಕಾಲ ಸೀರಿಯಲ್ ಕೇಳುತ್ತಲೇ ಕೆಲಸ ಮಾಡಿದವಳು ಈಗ ಬರಿಯ ಕೇಳುವವಳಾಗಿದ್ದಾಳೆ. ಜಾಹೀರಾತಿನವರ ಲೆಕ್ಕದಲ್ಲಿ ಅವಳ ಬೆಲೆ ಕಡಿಮೆ ಇರಬಹುದು. ಖಾಸಗಿಯವರಿಗೆ ಬೇಡವಾದರೆ ದೂರದರ್ಶನದ ಚಂದನ ವಾಹಿನಿ ಇದೆ. ಅದು ಸಾರ್ವಜನಿಕರ ದುಡ್ಡಿನ ವಾಹಿನಿ, ಟಿಆರ್‌ಪಿ ಹಿಂದೆ ಓಡಬೇಕಾದ್ದಿಲ್ಲ. ದಿನಕ್ಕೆ ಅರ್ಧ ಗಂಟೆ, ಇಲ್ಲಿಯವರೇ ಬರೆದ, ಇಲ್ಲಿಯ ಮಾತಿನ ಒಂದು ಹೊಸ ಕಥೆಯನ್ನು ಅದು ಹಗಲಿಗೆ ಕೊಡಲಿ.

ಮೊನ್ನೆ ಹೋದಾಗ ಯಾವುದೋ ಡಬ್ಬಿಂಗ್ ಸೀರಿಯಲ್ ನಡೆಯುತ್ತಿತ್ತು. "ಕಥೆ ಹೇಗಿದೆ ಚಿಕ್ಕಮ್ಮ?" ಎಂದೆ.

"ಮಾತು ಕನ್ನಡವೇ ಕಣೆ. ಆದ್ರೆ ನಮ್ಮ ಕಡೆ ಯಾರೂ ಹೀಗೆ ಮಾತಾಡಲ್ಲ," ಎಂದು ಚಿಕ್ಕಪ್ಪನ ಮಾತ್ರೆ ತೆಗೆಯಲು ಎದ್ದಳು.