ನಂಬರು ಹಲಗೆ

ಕೊಟ್ಟೂರು ಬಿಟ್ಟು ಚೆನ್ನೈಯಲ್ಲಿ ಮನೆ ಮಾಡಿದ ವರ್ಷ ನಮ್ಮ ಕಾರಿಗೆ ಮೂರು ಸಲ ಗೀರು ಬಿತ್ತು. ನಾಲ್ಕನೆಯ ಸಲ ಪಕ್ಕದ ಕನ್ನಡಿಯೇ ಹೋಯಿತು. ಎಲ್ಲಕ್ಕೂ ಹೊಸಪೇಟೆಯ 'ಕೆ.ಎ. 35' ಹಲಗೆಯೇ ಕಾರಣವೆಂದು ನಾನು ತೀರ್ಮಾನಿಸಿಬಿಟ್ಟೆ. ನೆರೆಮನೆಯ ತಮಿಳು ಯಜಮಾನರೆದುರು ಅವರ ಊರನ್ನೇ ಹಳಿದೆ. ಅವರು ಮರುಮಾತಾಡದೆ ತಮ್ಮ ಅಂಗಳದ ಗೇಟು ತೆರೆದು, "ಇನ್ನು ಇಲ್ಲಿ ನಿಲ್ಲಿಸಿ" ಎಂದರು.

ಅಷ್ಟು ದೊಡ್ಡ ಅಂಗಳ ಬರಿದಾಗಿದ್ದೇಕೆಂಬುದನ್ನು ತಿಂಗಳ ಮೇಲೆ ಹೇಳಿದವರು ಅವರಲ್ಲ, ಅವರ ಮನೆಯಾಕೆ. 2016ರ ಸೆಪ್ಟೆಂಬರ್ 12ರಂದು, ಕಾವೇರಿ ಗಲಭೆಯಲ್ಲಿ, ನಮ್ಮ ಬೆಂಗಳೂರಿನಲ್ಲಿ ಹಲಗೆ ನೋಡಿ ಸುಟ್ಟ ವಾಹನಗಳಲ್ಲಿ ಅವರ ಮಗನ ಲಾರಿಯೂ ಒಂದು.

ಕಾರಿಗೆ ಹೊಸ ಕನ್ನಡಿ ಹಾಕಿಸಿದೆ. ಅದರಲ್ಲಿ ಮುಖ ನೋಡಿಕೊಳ್ಳಲು ಮಾತ್ರ ಬಹಳ ದಿನ ಸಂಕೋಚವಾಯಿತು.