ಸ್ಟಿಯರಿಂಗ್ ಹಿಡಿದವನ ಐಸ್‌ಲ್ಯಾಂಡ್

ನೋಡಲು ಚಂದವಾದ ರಸ್ತೆಗಳಲ್ಲೆಲ್ಲ ಒಂದು ಅನ್ಯಾಯ ಅಡಗಿದೆ. ಅಲ್ಲಿ ಎಲ್ಲರಿಗೂ ಎಲ್ಲವೂ ಕಾಣುತ್ತದೆ, ಓಡಿಸುವವನೊಬ್ಬನನ್ನು ಬಿಟ್ಟು. ಚಾರ್ಮಾಡಿ ಘಾಟಿ ಇಳಿಯುವ ಬಸ್ಸಿನ ಡ್ರೈವರನ್ನು ಕೇಳಿ ನೋಡಿ. ತಿರುವುಗಳನ್ನು ಒಂದೊಂದಾಗಿ ಎಣಿಸಿಯಾರು, ಮಳೆಗಾಲದ ಝರಿಗಳನ್ನು ಎಣಿಸಲಾರರು. ಕಿಟಕಿ ಪಕ್ಕದ ಸೀಟಿಗೆ ಜಗಳವಾಡುವ ನಾವು, ಅವರ ಮುಂದಿರುವ ಅಷ್ಟು ದೊಡ್ಡ ಗಾಜಿನ ಬಗ್ಗೆ ಹೊಟ್ಟೆಕಿಚ್ಚು ಪಟ್ಟದ್ದೇ ಇಲ್ಲ.

ಐಸ್‌ಲ್ಯಾಂಡಿನಲ್ಲಿ ಆ ಗಾಜು ನನ್ನ ಪಾಲಿಗೆ ಬಂತು. ಅಲ್ಲಿನ ಒಂದನೇ ನಂಬರಿನ ಹೆದ್ದಾರಿ ಇಡೀ ದ್ವೀಪಕ್ಕೆ ಒಂದು ಸುತ್ತು ಬರುತ್ತದೆ, ಸುಮಾರು 1,320 ಕಿಲೋಮೀಟರ್. ನೆಲ ಕರ್ನಾಟಕದ ಅರ್ಧಕ್ಕಿಂತ ತುಸು ಹೆಚ್ಚು. ಜನ ಮಾತ್ರ ನಾಲ್ಕು ಲಕ್ಷದ ಆಸುಪಾಸು. "ನಮ್ಮ ಮೈಸೂರಿನ ಅರ್ಧವೂ ಇಲ್ವಲ್ಲೋ, ಇಷ್ಟುದ್ದ ರಸ್ತೆ ಯಾರಿಗೆ?" ಎಂದು ಅಮ್ಮ ಹೊರಡುವ ಮೊದಲೇ ಕೇಳಿದ್ದಳು. ಅಲ್ಲಿ ರಸ್ತೆಯ ಬಲಕ್ಕೆ ಓಡಿಸಬೇಕು. 1968ರ ಮೇ 26ರವರೆಗೆ ಅವರೂ ನಮ್ಮ ಹಾಗೆ ಎಡಕ್ಕೇ ಇದ್ದವರು. ಅಂದು ಬೆಳಗ್ಗೆ ದೇಶಕ್ಕೆ ದೇಶವೇ ಬಲಕ್ಕೆ ಸರಿಯಿತು. ದೇಶವೇ ಸರಿದ ಮೇಲೆ ನನ್ನದೇನು ದೊಡ್ಡ ಮಾತು ಎಂದು ಧೈರ್ಯ ತಂದುಕೊಂಡೆ.

ರಾಜಧಾನಿ ರೇಕ್ಯಾವಿಕ್ ದಾಟಿ ಪೂರ್ವಕ್ಕೆ ಹೊರಟದ್ದೇ ಕಾರಿನೊಳಗೆ ಉದ್ಗಾರಗಳು ಶುರುವಾದವು. "ರೀ, ಎಡಗಡೆ ನೋಡ್ರೀ!" ಎಂದು ಹೆಂಡತಿ. ಎಡಗಡೆ ಸ್ಕೋಗಾಫಾಸ್ ಜಲಪಾತ ಅರವತ್ತು ಮೀಟರ್ ಎತ್ತರದಿಂದ ಬೀಳುತ್ತಿದ್ದಿರಬೇಕು. "ಲೋ, ರಸ್ತೆ ನೋಡಿಕೊಂಡು ಓಡಿಸೋ," ಎಂದು ಹಿಂದಿನ ಸೀಟಿನಿಂದ ಅಮ್ಮ. ಎರಡು ಆಜ್ಞೆಗಳಲ್ಲಿ ಹಿರಿಯರದ್ದನ್ನು ಪಾಲಿಸಿದೆ. ಹಾಗೆ ರಸ್ತೆಯನ್ನೇ ನೋಡುತ್ತ ಹೋದವನಿಗೆ, ಕಿಟಕಿಯವರಿಗೆ ಕಾಣದ ಇನ್ನೊಂದು ದೇಶ ಕಾಣತೊಡಗಿತು.

ಮೊದಲು ಕಂಡದ್ದು ಅಲ್ಲಿನವರ ಭಯ. ದಾರಿಬದಿಯ ದೊಡ್ಡ ಫಲಕಗಳು ಮುಂದಿನ ಊರಿಗೆ ಎಷ್ಟು ದೂರ ಎನ್ನುವುದರ ಜೊತೆಗೆ, ಅಲ್ಲಿ ಗಾಳಿ ಸೆಕೆಂಡಿಗೆ ಎಷ್ಟು ಮೀಟರ್ ಬೀಸುತ್ತಿದೆ ಎಂದೂ ಹೇಳುತ್ತವೆ. ಬಾಡಿಗೆ ಕಾರಿನವರಲ್ಲಿ ಮರಳಿಗೂ ಬೂದಿಗೂ ಪ್ರತ್ಯೇಕ ವಿಮೆ ಸಿಗುತ್ತದೆ. ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ತೆಗೆಯಬೇಕು. ಇಲ್ಲವಾದರೆ ಗಾಳಿ ಅದನ್ನು ಹಿಂದಕ್ಕೆ ಮಡಚಿಬಿಡುತ್ತದೆ. ಬೇಸಿಗೆಯಲ್ಲಿ ಕುರಿಗಳನ್ನು ಬಯಲಿಗೆ ಬಿಟ್ಟುಬಿಡುತ್ತಾರೆ. ತಾಯಿ ರಸ್ತೆಯ ಈಚೆಗೂ ಮರಿ ಆಚೆಗೂ ಇದ್ದರೆ ನಿಧಾನಿಸಲೇಬೇಕು, ಮರಿ ಅಮ್ಮನತ್ತ ಓಡಿ ಬಂದೇ ಬರುತ್ತದೆ. ಭಯವಿರುವಲ್ಲಿ ತಮಾಷೆಯೂ ಇದೆ. 2008ರಲ್ಲಿ ಬ್ಯಾಂಕುಗಳು ಕುಸಿದು ದೇಶ ಕಂಗಾಲಾದಾಗ, ಉತ್ತರದ ಅಕುರೇರಿ ಪಟ್ಟಣದವರು ಸಿಗ್ನಲ್ಲಿನ ಕೆಂಪು ದೀಪಗಳಿಗೆ ಹೃದಯದ ಆಕಾರ ಕೊಟ್ಟರು. ಕೆಂಪು ದೀಪವನ್ನು ಇಷ್ಟು ಪ್ರೀತಿಯಿಂದ ನೋಡಬೇಕಾದವನು ಡ್ರೈವರಲ್ಲದೆ ಇನ್ನಾರು?

ನನ್ನನ್ನು ಹೆಚ್ಚು ಹಿಡಿದದ್ದು ಒಂಟಿ ಪಥದ ಸೇತುವೆಗಳು. ಹೆದ್ದಾರಿ ಗಂಟೆಗೆ 90 ಕಿಲೋಮೀಟರಿನಲ್ಲಿ ಸಲೀಸಾಗಿ ಹೋಗುತ್ತಿರುತ್ತದೆ. ಕೆಲವೆಡೆ ಹೊಳೆ ಬಂತೆಂದರೆ ಸೇತುವೆ ಒಂದೇ ಕಾರಿನಷ್ಟು ಅಗಲ. ಯಾರು ಹತ್ತಿರವಿದ್ದಾರೋ ಅವರು ಮೊದಲು. ಪೊಲೀಸರಿಲ್ಲ, ಹಾರ್ನಿಲ್ಲ. ಮಲೆನಾಡಿನ ಕಾಲುಸಂಕದ ಆಚೆ ತುದಿಯಲ್ಲಿ ಹೊರೆ ಹೊತ್ತವರನ್ನು ಕಂಡರೆ ಈಚೆಯವರು ನಿಲ್ಲುವಂತೆ ಇಲ್ಲಿ ಲಾರಿಗಳೂ ನಿಲ್ಲುತ್ತವೆ.

ಈ ಸೇತುವೆಗಳ ಕಥೆ ತಿಳಿಯಬೇಕಾದರೆ ವಾತ್ನಯೋಕುಲ್ ಹಿಮನದಿಯ ಬುಡದ ಕಪ್ಪು ಮರಳುಗಾಡಿಗೆ ಬರಬೇಕು. ಇಲ್ಲಿನ ಹೊಳೆಗಳು ಪಾತ್ರ ಬದಲಿಸುತ್ತಲೇ ಇರುವುದರಿಂದ ಬಹುಕಾಲ ಯಾರೂ ಸೇತುವೆಯ ಮಾತೆತ್ತಲಿಲ್ಲ. ಆಗ್ನೇಯದ ಜನ ಕಾರಿನಲ್ಲಿ ರಾಜಧಾನಿಗೆ ಹೋಗಬೇಕೆಂದರೆ ಇಡೀ ಉತ್ತರವನ್ನು ಬಳಸಿಕೊಂಡೇ ಹೋಗಬೇಕಿತ್ತು. ಕೊನೆಗೆ ಸರ್ಕಾರ ಲಾಟರಿ ಬಾಂಡ್ ಮಾರಿ ಹಣ ಕೂಡಿಸಿತು. 1974ರಲ್ಲಿ ಸ್ಕೈಡರಾ ನದಿಗೆ ಸೇತುವೆಯಾಯಿತು, ಸುತ್ತು ಪೂರ್ಣವಾಯಿತು. 1996ರಲ್ಲಿ ಹಿಮದಡಿಯ ಜ್ವಾಲಾಮುಖಿ ಸಿಡಿದು, ಕರಗಿದ ನೀರೆಲ್ಲ ಒಳಗೇ ತುಂಬಿ, ನವೆಂಬರ್ 5ರಂದು ಒಮ್ಮೆಲೇ ಹೊರನುಗ್ಗಿತು. ಕೆಆರ್‌ಎಸ್‌ನಿಂದ ಒಂದು ಲಕ್ಷ ಕ್ಯೂಸೆಕ್ ಬಿಟ್ಟರೆ ನಮ್ಮಲ್ಲಿ ಮುಖಪುಟದ ಸುದ್ದಿ; ಅಲ್ಲಿ ಅಂದು ಹರಿದದ್ದು ಹದಿನೈದು ಲಕ್ಷಕ್ಕೂ ಹೆಚ್ಚು, ಜೊತೆಗೆ ಮನೆಯಷ್ಟು ದೊಡ್ಡ ಮಂಜುಗಡ್ಡೆಗಳು. ಒಂದು ಸೇತುವೆ ಪೂರ್ತಿ ಕೊಚ್ಚಿಹೋಯಿತು, ಸ್ಕೈಡರಾದ್ದು ಅರೆಬರೆ ಉಳಿಯಿತು. ತಿರುಚಿದ ಉಕ್ಕಿನ ತೊಲೆಗಳನ್ನು ರಸ್ತೆಬದಿಯಲ್ಲಿ ಸ್ಮಾರಕವಾಗಿ ಇಟ್ಟಿದ್ದಾರೆ. ಜನ ಮಾತ್ರ ಕೆಲವೇ ವಾರಗಳಲ್ಲಿ ಮತ್ತೆ ದಾರಿ ಮಾಡಿಕೊಂಡರು.

ಆಮೇಲಿನದು ಇನ್ನೂ ಮಜವಾಗಿದೆ. ಹಿಮನದಿ ಹಿಂದೆ ಸರಿದಂತೆ 2009ರಲ್ಲಿ ಸ್ಕೈಡರಾ ಪಶ್ಚಿಮಕ್ಕೆ ಹೊರಳಿ ಪಕ್ಕದ ನದಿಯನ್ನು ಸೇರಿಕೊಂಡಿತು. ದೇಶದಲ್ಲೇ ಉದ್ದವಾಗಿದ್ದ, 880 ಮೀಟರಿನ ಸೇತುವೆ ಒಣ ಮರಳಿನ ಮೇಲೆ ಉಳಿಯಿತು. ಉಳಿದ ಸಣ್ಣ ಹೊಳೆಗೆ 2017ರಲ್ಲಿ ಪುಟ್ಟದೊಂದು ಸೇತುವೆ ಸಾಕಾಯಿತು. ಅಮ್ಮ ಇಳಿದು ಹಳೆಯ ಸೇತುವೆಯನ್ನು ಬಹಳ ಹೊತ್ತು ನೋಡಿದಳು. "ಇದನ್ನ ಕೆಡವಬಾರದು ಕಣೋ. ಹೊಳೆಗೆ ಮನಸ್ಸು ಬದಲಾದರೆ?" ಎಂದಳು. ಎಂಜಿನಿಯರುಗಳಿಗೂ ಈ ಅನುಮಾನ ಬಾರದೇ ಇರದು.

ಬೆಟ್ಟ, ಹಿಮ, ಜಲಪಾತಗಳನ್ನು ಯಾರೂ ಮಾಡಿದ್ದಲ್ಲ. ಅವು ನಮ್ಮನ್ನು ಬೆರಗಾಗಿಸುತ್ತವೆ, ಅಷ್ಟೇ. ನಾಳೆ ಎಲ್ಲಿ ಹರಿಯುತ್ತದೋ ಗೊತ್ತಿಲ್ಲದ ನೀರಿಗೆ ಇವತ್ತು ಸೇತುವೆ ಕಟ್ಟುವುದು ಮಾತ್ರ ಮನುಷ್ಯರ ಕೆಲಸ. ಅಪರಿಚಿತ ದೇಶವೊಂದರ ಪರಿಚಯ ಬೇಕಾದವರು ಅದರ ಕಣಿವೆಗಿಂತ ಕಣಿವೆಗೆ ಹಾಕಿದ ರಸ್ತೆಯನ್ನು ನೋಡುವುದು ಮೇಲು.

ಹೋಫ್ನ್ ಪಟ್ಟಣ ದಾಟಿದ ಮೇಲೆ ಹೆಂಡತಿ ಕನಿಕರಪಟ್ಟು ಸ್ಟಿಯರಿಂಗ್ ತೆಗೆದುಕೊಂಡಳು. "ಇವತ್ತಾದರೂ ಬೆಟ್ಟ ನೋಡ್ರೀ." ನೋಡಿದೆ, ಭವ್ಯವಾಗಿತ್ತು. ಐದು ನಿಮಿಷದಲ್ಲಿ "ಮುಂದೆ ಒಂಟಿ ಸೇತುವೆ ಇದೆ, ನಿಧಾನ" ಎನ್ನುತ್ತಿದ್ದೆ. ಆಚೆ ತುದಿಯಲ್ಲಿ ಲಾರಿಯೊಂದು ದೀಪ ಮಿಟುಕಿಸಿ ನಿಂತಿತು. ಅಮ್ಮ ಮೊಬೈಲೆತ್ತಿ ಅದರ ಫೋಟೋ ತೆಗೆದಳು. ಊರಲ್ಲಿ ನೆಂಟರು ಜಲಪಾತಗಳ ಸಾಲಿನಲ್ಲಿ ಈ ಲಾರಿಯನ್ನು ಕಂಡು "ಇದೇನಮ್ಮಾ?" ಎಂದರೆ ಅಮ್ಮ ಗಂಭೀರವಾಗಿ ಹೇಳುತ್ತಾಳೆ: "ಅವನು ನಮಗೆ ದಾರಿ ಬಿಟ್ಟವನು."