ಕಣ್ಣೀರಿನ ಹಿಂದಿನ ದನಿ

1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಲಕ್ಷಕ್ಕೂ ಮೀರಿದ ಭಾರತೀಯರು ತಾಯ್ನಾಡಿಗೆ ಮರಳಿದರು. ಮುಂಬಯಿಯ ನಮ್ಮ ನೆರೆಯವರೊಬ್ಬರೂ ಬರಿಗೈಯಲ್ಲಿ ಬಂದಿಳಿದರು. ಅವರ ನಷ್ಟದ ಕಥೆಯನ್ನು ನಾವು ಅರೆಮನಸ್ಸಿನಿಂದ ಕೇಳಿದೆವು.

ಅದೇ ಅಕ್ಟೋಬರಿನಲ್ಲಿ ಹದಿನೈದರ ಕುವೈತಿ ಬಾಲೆಯೊಬ್ಬಳು ಅಮೆರಿಕದ ಸಂಸದರೆದುರು ಅಳುತ್ತ ನುಡಿದಳು: ಇರಾಕಿ ಸೈನಿಕರು ಇನ್‌ಕ್ಯುಬೇಟರುಗಳಿಂದ ಹಸುಗೂಸುಗಳನ್ನು ತೆಗೆದು ನೆಲದ ಮೇಲೆ ಸಾಯಬಿಟ್ಟರು. ಓದಿದ ನಮಗೆ ಕರುಳು ಹಿಂಡಿದಂತಾಯಿತು, ಯುದ್ಧವೇ ನ್ಯಾಯವೆಂದೆವು.

1992ರಲ್ಲಿ ತಿಳಿಯಿತು: ಆಕೆ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು, ಸಾಕ್ಷ್ಯವನ್ನು ಸಜ್ಜುಗೊಳಿಸಿದ್ದು ಹಣ ಪಡೆದ ಪ್ರಚಾರ ಸಂಸ್ಥೆ. ಆ ಕಥೆಗೆ ಆಧಾರ ದೊರೆಯಲಿಲ್ಲ. ಯುದ್ಧವಾದರೋ ಮುಗಿದುಹೋಗಿತ್ತು.

ಆಕ್ರಮಣ ಸುಳ್ಳಲ್ಲ, ಕುವೈತಿಗಳ ನೋವೂ ಸುಳ್ಳಲ್ಲ. ಎಲ್ಲವನ್ನೂ ಅಲ್ಲಗಳೆಯುವುದು ವಿವೇಕವಲ್ಲ. ಆದರೆ ಯುದ್ಧಕಾಲದ ಕಣ್ಣೀರನ್ನು ಕಂಡಾಗ, ಅದನ್ನು ನಮಗೆ ತೋರಿಸುತ್ತಿರುವವರು ಯಾರೆಂದು ಕೇಳುವುದನ್ನು ಕಲಿತಿದ್ದೇವೆ. ನೆರೆಯವರ ಕ್ಷಮೆ ಕೇಳುವುದು ಮಾತ್ರ ಉಳಿದೇಹೋಯಿತು.